ಆರನೆಯ ಪೆಟ್ಟಿಗೆಯ ಅಳತೆ ಪುಸ್ತಕ

ಮಕ್ಕಳು ಮೊದಲ ಸಲ ಎದುರು ಬಂದು ನಿಂತಾಗ ಫ್ರೇಡಾ ಲುಬಾರ್ಸ್ಕಿ ಕೇಳುವ ಪ್ರಶ್ನೆ ಒಂದೇ: "ಯಾರಿಗೆ?"

ಅಮೆರಿಕದ ನಮ್ಮ ರಾಚೆಸ್ಟರಿನ ಸಿನಗಾಗಿನಲ್ಲಿ, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಹದಿಮೂರು ತುಂಬುವ ಮಕ್ಕಳು ಎಲ್ಲರೆದುರು ಧರ್ಮಗ್ರಂಥವಾದ ತೋರಾ ಓದಿ ದೊಡ್ಡವರ ಸಾಲಿಗೆ ಸೇರುತ್ತಾರೆ. ಅದಕ್ಕೆ ಮೊದಲು ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಉಪಯೋಗವಾಗುವ ಒಂದು ಕೆಲಸವನ್ನು ಮಾಡಿ ಮುಗಿಸಬೇಕು. ಇಪ್ಪತ್ತನಾಲ್ಕು ವರ್ಷಗಳಿಂದ ಆ ಕೆಲಸಗಳ ಉಸ್ತುವಾರಿ ಫ್ರೇಡಾ ಅವರದು. ಒಮ್ಮೆ ಒಬ್ಬ ಹುಡುಗ ಬಣ್ಣದ ಭಿತ್ತಿಪತ್ರ ಹಿಡಿದುಕೊಂಡು ಬಂದು, ತಾನು ಸಮುದ್ರಗಳನ್ನು ಉಳಿಸುತ್ತೇನೆ ಎಂದಿದ್ದ.

"ಸಮುದ್ರದ ಮನೆ ಯಾವ ಬೀದೀಲಿದೆಯಪ್ಪಾ?" ಎಂದರು ಫ್ರೇಡಾ. "ಬಾಗಿಲು ತಟ್ಟಿದ್ರೆ ಯಾರು ತೆಗೀತಾರೆ, ಅವರ ಹೆಸರು ಹೇಳು. ಆಮೇಲೆ ಕೆಲಸ ಶುರು ಮಾಡು."

ಆ ಹುಡುಗ ಕೊನೆಗೆ ಒಂದು ಚಳಿಗಾಲ ಪೂರ್ತಿ ಮಿಸೆಸ್ ಬ್ಲೌಸ್ಟೀನ್ ಅವರ ಮೆಟ್ಟಿಲ ಮೇಲಿನ ಹಿಮ ತೆಗೆದ.

ಫ್ರೇಡಾಗೆ ಈಗ ಎಪ್ಪತ್ತೇಳು. ಹುಟ್ಟಿದ್ದು ಯುದ್ಧ ಮುಗಿದ ಮೇಲೆ ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ. ಎರಡು ವರ್ಷದ ಮಗುವಾಗಿದ್ದಾಗ ತಂದೆ ಮೈಲೆಖ್ ಜೊತೆ ಈ ಊರಿಗೆ ಬಂದರು. ತಂದೆ ಹಗಲು ಸೂಟು ಹೊಲಿಯುವ ಕಾರ್ಖಾನೆಯಲ್ಲಿ ದುಡಿದು, ಸಂಜೆ ಮನೆಯಲ್ಲೇ ಗಿರಾಕಿಗಳ ಅಳತೆ ತೆಗೆಯುತ್ತಿದ್ದರು. ಮಗಳು ಮೂವತ್ತೊಂದು ವರ್ಷ ಬಟ್ಟೆ ಅಂಗಡಿಯೊಂದರಲ್ಲಿ ಕೋಟು, ಪ್ಯಾಂಟುಗಳನ್ನು ಮೈಗೆ ಸರಿಹೊಂದಿಸುವ ಕೆಲಸ ಮಾಡಿದರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, ಕೇಳಿದವರ ಮುಖ ನೋಡಿ ಒಂದೊಂದು ಸಲ ಒಂದೊಂದು ಕಾರಣ ಹೇಳುತ್ತಾರೆ. ನಾನು ಜಿಲ್ಲೆಯ ನೀರು ಪರೀಕ್ಷಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಎಂದೂ ಪಾಠ ಹೇಳಿದವನಲ್ಲ, ಆದರೂ ಅವರು ನನ್ನನ್ನು ಕರೆಯುವುದು "ಪ್ರೊಫೆಸರ್" ಎಂದೇ.

ಕಳೆದ ವರ್ಷ ಅವೀವಾ ಗ್ರಾಸ್‌ಫೆಲ್ಡ್ ಎಂಬ ಹುಡುಗಿ ಒಂದು ಹೊಸ ಯೋಚನೆ ತಂದಳು. ದೇವರ ಹೆಸರಿರುವ ಪುಸ್ತಕ ಹರಿದುಹೋದರೆ ನಾವು ಅದನ್ನು ಕಸಕ್ಕೆ ಹಾಕುವುದಿಲ್ಲ, ಸ್ಮಶಾನದಲ್ಲಿ ಹೂಳುತ್ತೇವೆ. ವಯಸ್ಸಾದವರ ಮನೆಗಳಲ್ಲಿ ಇಂಥ ಪುಸ್ತಕಗಳು ಕಪಾಟಿನಲ್ಲೇ ಕೊಳೆಯುತ್ತಿವೆ, ಹೊತ್ತುಕೊಂಡು ಬರಲು ಅವರಿಗೆ ಶಕ್ತಿಯಿಲ್ಲ. ಅವನ್ನೆಲ್ಲ ತಂದು ಗೌರವದಿಂದ ಹೂಳುವುದು ತನ್ನ ಕೆಲಸ ಎಂದಳು. ಹನ್ನೊಂದು ಮನೆಗಳ ಹೆಸರು ಬರೆದುಕೊಂಡೇ ಬಂದಿದ್ದಳು. ಫ್ರೇಡಾ ಪಟ್ಟಿ ಓದಿ, "ನನ್ನ ಹೆಸರೂ ಇದೆಯಲ್ಲೇ! ನಾನೂ ಮುದುಕಿಯಾದೆ ಅಂತ ನಿನ್ನಿಂದ ಗೊತ್ತಾಗಬೇಕಾಯ್ತು" ಎಂದು ಒಪ್ಪಿದರು.

ಕಾರು ಓಡಿಸಿದ್ದು ನಾನು. ಅವೀವಾ ಪ್ರತಿ ಪುಸ್ತಕವನ್ನೂ ಒರಸಿ ಕೊಡುತ್ತಿದ್ದಳು, ನಾನು ಪಟ್ಟಿ ಮಾಡಿ ಪೆಟ್ಟಿಗೆಗೆ ಹಾಕುತ್ತಿದ್ದೆ. ಒಟ್ಟು ನಾನೂರ ಹನ್ನೆರಡು ಪುಸ್ತಕ, ಒಂಬತ್ತು ರಟ್ಟಿನ ಪೆಟ್ಟಿಗೆ. ಪ್ಲಾಸ್ಟಿಕ್ ಕೂಡದು, ಕಾಗದ ಮಣ್ಣಿಗೆ ಸೇರಬೇಕು. ಅಕ್ಟೋಬರಿನ ಒಂದು ಭಾನುವಾರ ಪೆಟ್ಟಿಗೆಗಳನ್ನು ಹೂತು, ಪ್ರಾರ್ಥನೆ ಹೇಳಿ, ಮನೆಗೆ ಬಂದೆವು.

ಮಂಗಳವಾರ ಬೆಳಿಗ್ಗೆ ಫ್ರೇಡಾ ಫೋನು ಮಾಡಿದರು.

"ಪ್ರೊಫೆಸರೇ, ನನ್ನ ಹೊಲಿಗೆ ಮೇಜಿನ ಮೇಲೆ ಅಪ್ಪನ ಅಳತೆ ಪುಸ್ತಕ ಇತ್ತು. ಕಪ್ಪು ರಟ್ಟು, ಬೆನ್ನು ಕಿತ್ತುಹೋಗಿದೆ. ನೋಡಿದ್ಯಾ?"

ನಾನು ಪಟ್ಟಿ ತೆಗೆದು ನೋಡಿದೆ. ಆರನೆಯ ಪೆಟ್ಟಿಗೆ, ಮೂವತ್ತೆಂಟನೆಯ ಸಾಲು: ಕೈಬರಹದ ಪುಸ್ತಕ, ಒಂದು. ಬರೆದವನು ನಾನೇ. ತೆರೆದು ನೋಡಿರಲಿಲ್ಲ.

ಮೈಲೆಖ್ ತಮ್ಮ ಲೆಕ್ಕ, ಅಳತೆಗಳನ್ನೆಲ್ಲ ಯಿದ್ದಿಷ್ ಭಾಷೆಯಲ್ಲಿ, ಹೀಬ್ರೂ ಅಕ್ಷರದಲ್ಲಿ ಬರೆಯುತ್ತಿದ್ದರು. ಹಳೆಯ ದೈವಭಕ್ತರಂತೆ ಪ್ರತಿ ಪುಟದ ಮೇಲೆ 'ದೇವರ ದಯೆಯಿಂದ' ಎಂಬುದಕ್ಕೆ ಎರಡಕ್ಷರ ಹಾಕುತ್ತಿದ್ದರು. ಯಿದ್ದಿಷ್ ಬಾರದ ಅವೀವಾ ಆ ಎರಡಕ್ಷರ ಕಂಡು, ಇದೂ ಪವಿತ್ರ ಪುಸ್ತಕ, ಕೊಡಲು ಮರೆತಿದ್ದಾರೆ ಎಂದುಕೊಂಡಿದ್ದಳು.

ನಾನು ಹೋದಾಗ ಫ್ರೇಡಾ ಚಹಾದ ಲೋಟ ಹಿಡಿದು ಕುಡಿಯದೆ ಕೂತಿದ್ದರು.

"ಅಪ್ಪ ಮನೇಲಿ ಮಾತಾಡ್ತಿದ್ದದ್ದೇ ಕಮ್ಮಿ," ಎಂದರು. "ಶಿಬಿರಕ್ಕೆ ಬರೋ ಮುಂಚಿನ ಕಥೆ ಒಂದೂ ಹೇಳ್ಲಿಲ್ಲ. ಮಾತೆಲ್ಲ ಆ ಪುಸ್ತಕದಲ್ಲಿತ್ತು. 'ಎಡ ಭುಜ ಅರ್ಧ ಇಂಚು ತಗ್ಗು, ಅವನಿಗೆ ಹೇಳಬಾರದು, ಒಳಗೆ ಹತ್ತಿ ಇಡಬೇಕು.' 'ಪಸ್ಕ ಹಬ್ಬ ಕಳೆದರೆ ಹೊಟ್ಟೆ ಇಳಿಯುತ್ತೆ ಅಂತಾನೆ, ನಾನು ಒಂದಿಂಚು ಬಟ್ಟೆ ಜಾಸ್ತಿ ಬಿಟ್ಟಿದ್ದೇನೆ.' ಹೀಗೆ. ನಾನು ಒಬ್ಬಳೇ ಕೂತು ಓದ್ಕೊಂಡು ನಗ್ತಿದ್ದೆ."

"ಬುಧವಾರ ರಾತ್ರಿಯಿಂದ ಮಳೆ ಅಂತಿದ್ದಾರೆ. ರಟ್ಟು ಒಂದು ಮಳೆಗೇ ಮೆತ್ತಗಾಗುತ್ತೆ. ನಾಳೆ ಸಂಜೆಯೊಳಗೆ ತೆಗೀಬೇಕು," ಎಂದೆ.

"ಗೋರಿ ಅಗೆಯೋದಾ? ಹುಚ್ಚಾ ನಿನಗೆ?"

ನಾನು ಅಲ್ಲಿಂದಲೇ ನಮ್ಮ ಧರ್ಮಗುರು ರಬ್ಬಿ ತಾಮಾರ್ ಅವರಿಗೆ ಫೋನು ಮಾಡಿದೆ. ಹೂತ ಮಾತ್ರಕ್ಕೆ ದರ್ಜಿಯ ಅಳತೆ ಪವಿತ್ರವಾಗುವುದಿಲ್ಲ, ಉಳಿದ ಪುಸ್ತಕಗಳಿಗೆ ಅಗೌರವವಾಗದಂತೆ ತೆಗೆದು ಮತ್ತೆ ಮುಚ್ಚಬಹುದು ಎಂದರು ಅವರು. ಫ್ರೇಡಾ ಕೇಳಿ ತಲೆಯಾಡಿಸಿದರು.

"ಸರಿ, ನೀನೇ ಹೋಗಿ ತೆಗಿ. ಆ ಹುಡುಗಿಗೆ ಮಾತ್ರ ಗೊತ್ತಾಗಬಾರದು. ಇನ್ನು ಹನ್ನೊಂದು ದಿನಕ್ಕೆ ಜನದೆದುರು ನಿಂತು ಓದಬೇಕು ಅವಳು. ಈಗ ಹೇಳಿದ್ರೆ ಗಂಟಲೇ ಕಟ್ಟಿಹೋಗುತ್ತೆ."

"ಬಡವರಿಗೆ ಕೊಡೋ ಹಳೇ ಕೋಟು ರಿಪೇರಿ ಮಾಡೋ ಕೆಲಸ ಆರಿಸ್ಕೊಂಡು ನಿಮ್ಮ ಹತ್ರ ಬಂದ ಮಕ್ಕಳು ಹೊಲಿಗೆ ತಪ್ಪಿದ್ರೆ ನೀವು ಸರಿಮಾಡಿ ಕೊಡ್ತಿದ್ರಾ?"

"ಬಿಚ್ಚಿಸ್ತಿದ್ದೆ."

"ಯಾರ ಕೈಲಿ?"

ಫ್ರೇಡಾ ನನ್ನನ್ನು ದುರುಗುಟ್ಟಿ ನೋಡಿದರು. "ನೀರು ಪರೀಕ್ಷೆ ಮಾಡೋದು ಬಿಟ್ಟು ಈಗ ನನ್ನನ್ನ ಪರೀಕ್ಷೆ ಮಾಡ್ತೀಯಾ?" ಎಂದರು. ಆಮೇಲೆ ಅವೀವಾಳ ಮನೆಗೆ ಫೋನು ಮಾಡಿದ್ದು ಅವರೇ.

ಬುಧವಾರ ಮೂರೂವರೆಗೆ, ಶಾಲೆ ಬಿಟ್ಟ ಕೂಡಲೇ, ತಾಯಿ ಅವಳನ್ನು ಸ್ಮಶಾನದ ಬಾಗಿಲಲ್ಲಿ ಇಳಿಸಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

"ಮಿಸ್ ಲುಬಾರ್ಸ್ಕಿ, ಮೇಲೆ ಆ ಎರಡಕ್ಷರ ಇತ್ತು, ಅದಕ್ಕೆ ನಾನು..."

"ನಮ್ಮಪ್ಪ ಹಾಲಿನವನಿಗೆ ಬರೆಯೋ ಚೀಟಿಗೂ ಆ ಎರಡಕ್ಷರ ಹಾಕ್ತಿದ್ದ ಕಣೇ. ಹಾಗಂತ ಅದನ್ನೆಲ್ಲ ಹೂಳ್ತಾ ಕೂತಿದ್ರೆ ಈ ಊರಲ್ಲಿ ಜನಕ್ಕೆ ಜಾಗ ಇರ್ತಿರಲಿಲ್ಲ."

ಅವೀವಾ ನಗಲಿಲ್ಲ. "ನಿಮ್ಮನ್ನ ಕೇಳಬೇಕಿತ್ತು. ನೀವು ಪಕ್ಕದ ಕೋಣೇಲೇ ಇದ್ರಿ. ಕೇಳಲಿಲ್ಲ."

"ಹೌದು, ಕೇಳಲಿಲ್ಲ," ಎಂದರು ಫ್ರೇಡಾ. "ತಗೋ ಸಲಿಕೆ."

ಗುಂಡಿಯ ಆಳ ನೂರ ಹತ್ತು ಸೆಂಟಿಮೀಟರು, ಮಣ್ಣು ಅಂಟು. ಅವೀವಾಳೂ ನಾನೂ ಸರದಿಯಲ್ಲಿ ಅಗೆದೆವು. ಫ್ರೇಡಾ ಮಡಚುವ ಕುರ್ಚಿಯಲ್ಲಿ ಕೋಟಿನ ಗುಂಡಿ ಹಾಕಿಕೊಂಡು ಕೂತು, ಮಣ್ಣು ಎಲ್ಲಿ ಹಾಕಬೇಕೆಂದು ನಿರ್ದೇಶಿಸುತ್ತಿದ್ದರು. ಆರನೆಯದು ಕೆಳಸಾಲಿನಲ್ಲಿತ್ತು, ಮೇಲೆ ಒಂಬತ್ತನೆಯದು. ಮೇಲಿನದನ್ನು ಎತ್ತುವಾಗ ತಳ ಬಿಚ್ಚಿಕೊಂಡು ಒಂದು ಪ್ರಾರ್ಥನಾ ಪುಸ್ತಕ ಕೆಳಗೆ ಬಿತ್ತು. ಅವೀವಾ ಅದನ್ನೆತ್ತಿ, ಮಣ್ಣು ಕೊಡವಿ, ಬಿದ್ದ ಪುಸ್ತಕಕ್ಕೆ ನಾವೆಲ್ಲ ಮಾಡುವಂತೆ ಮುತ್ತಿಟ್ಟು, "ಕ್ಷಮಿಸು, ಐದೇ ನಿಮಿಷ" ಎಂದಳು. ಫ್ರೇಡಾ ಬೇರೆ ಕಡೆ ಮುಖ ತಿರುಗಿಸಿದರು.

ಆರನೆಯ ಪೆಟ್ಟಿಗೆಯ ಒಂದು ಮೂಲೆಗೆ ನೆಲದ ತೇವ ಏರಿತ್ತು. ಅಳತೆ ಪುಸ್ತಕ ಅದೇ ಮೂಲೆಯಲ್ಲಿತ್ತು. ಕೆಳಗಿನ ಮೂರನೇ ಒಂದು ಭಾಗ ನೆನೆದು ಉಬ್ಬಿತ್ತು. ಅವೀವಾ ಅದನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೊಟ್ಟಳು.

"ಅಳಿಸಿಹೋಗಿದೆಯಾ?" ಎಂದಳು ಗುಂಡಿಯೊಳಗಿನಿಂದಲೇ.

ಫ್ರೇಡಾ ತೆರೆಯಲಿಲ್ಲ. ನನ್ನ ಕೈಗೆ ದಾಟಿಸಿದರು. ನಾನು ಹಾಳೆಯೊಂದರ ಅಂಚು ಎತ್ತಿ ನೋಡಿದೆ. ಮೈಲೆಖ್ ಬರೆದದ್ದು ಸೀಸದಕಡ್ಡಿಯಲ್ಲಿ. ಶಾಯಿಯಾಗಿದ್ದರೆ ಕದಡಿ ಹೋಗುತ್ತಿತ್ತು. ಸೀಸದಕಡ್ಡಿಯ ಗೆರೆ ಇಂಗಾಲದ್ದು, ನೀರಿಗೆ ಕರಗುವುದಿಲ್ಲ.

"ಇದೆ," ಎಂದೆ. "ಓದೋಕಾಗುತ್ತೆ."

ಅವೀವಾ ಅಲ್ಲೇ ಗುಂಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟಳು. ಫ್ರೇಡಾ ಸುಮ್ಮನಿರಲಿಲ್ಲ. "ಅಳೋದು ಆಮೇಲೆ ಮೈದೆಲೆ, ಪುಟ್ಟೀ, ಮೊದಲು ಆ ಪುಸ್ತಕಗಳನ್ನ ಮಲಗಿಸು, ಅವಕ್ಕೆ ಚಳಿಯಾಗ್ತಿದೆ." ಮತ್ತೆ ಎಲ್ಲವನ್ನೂ ಜೋಡಿಸಿ, ಮುಚ್ಚಿ ಮುಗಿಸುವಾಗ ಮೊದಲ ಹನಿಗಳು ಬೀಳುತ್ತಿದ್ದವು.

ಆಮೇಲಿನದು ತಾಳ್ಮೆಯ ಕೆಲಸ. ಎರಡೆರಡು ಹಾಳೆಗಳ ನಡುವೆ ತೇವ ಹೀರುವ ಒತ್ತುಕಾಗದ ಇಟ್ಟು, ಹಗುರಾದ ಹಲಗೆ ಹೇರಿ, ದಿನಕ್ಕೆರಡು ಸಲ ಕಾಗದ ಬದಲಿಸಬೇಕು. ಫ್ರೇಡಾ ಮೊದಲ ದಿನವೇ ಇಸ್ತ್ರಿಪೆಟ್ಟಿಗೆ ಬಿಸಿಮಾಡಿದ್ದರು. ನಾನು ಅದರ ತಂತಿ ಕಿತ್ತೆ. "ಐವತ್ತು ವರ್ಷದಿಂದ ಒದ್ದೆ ಉಣ್ಣೆ ಒಣಗಿಸಿದ್ದೀನಿ, ನನಗೆ ಪಾಠ ಹೇಳ್ತಾನೆ," ಎಂದು ಗೊಣಗಿದರೂ ಮತ್ತೆ ಮುಟ್ಟಲಿಲ್ಲ.

ಬೆಳಗಿನ ಸರದಿ ನನ್ನದು, ಸಂಜೆಯದು ಅವೀವಾಳದು. ಅವಳು ಕಾಗದ ಬದಲಿಸುವಾಗ ಫ್ರೇಡಾ ಕನ್ನಡಕ ಏರಿಸಿಕೊಂಡು ಆ ಪುಟವನ್ನು ಓದಿ ಅರ್ಥ ಹೇಳುತ್ತಿದ್ದರು. ಅಷ್ಟು ವರ್ಷ ಅದನ್ನು ಇನ್ನೊಬ್ಬರಿಗೆ ಓದಿ ಹೇಳಿದವರಲ್ಲ. ಅವೀವಾ ಮಾತ್ರ ತುಟಿ ಬಿಗಿಹಿಡಿದು ಪ್ರತಿ ಹಾಳೆಯ ತೇವವನ್ನು ಬೆರಳಿನ ಹಿಂಬದಿಯಿಂದ ನೋಡುತ್ತಿದ್ದಳು.

ಅವಳು ತೋರಾ ಓದಬೇಕಾದ ಶನಿವಾರಕ್ಕೆ ಎರಡು ದಿನ ಮೊದಲು ಪುಸ್ತಕ ಪೂರ್ತಿ ಒಣಗಿತು. ತೊಂಬತ್ತಾರು ಹಾಳೆಗಳಲ್ಲಿ ತೊಂಬತ್ತೆರಡು ಬಿಡಿಸಿಕೊಂಡವು. ಕೊನೆಯ ನಾಲ್ಕು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಒಲೆಯ ಮೇಲೆ ನೀರಿನ ಪಾತ್ರೆ ಇಟ್ಟಿದ್ದೆವು. ಹಬೆ ಕೊಟ್ಟು ನೋಡಬಹುದು, ಆದರೆ ಹರಿಯುವ ಸಾಧ್ಯತೆ ಹೆಚ್ಚು ಎಂದು ನಾನು ಹೇಳಿದೆ.

"ನನ್ನಿಂದ ನಾಲ್ಕು ಹಾಳೆ ಹೋಯ್ತು," ಎಂದಳು ಅವೀವಾ ನೆಲ ನೋಡುತ್ತ.

ಫ್ರೇಡಾ ಆ ಗಟ್ಟಿ ಹಾಳೆಗಳನ್ನು ಬೆರಳಿನಿಂದ ತಟ್ಟಿ ನೋಡಿದರು. ನಾನು ಅವರ ಮುಖವನ್ನೇ ಗಮನಿಸುತ್ತಿದ್ದೆ. ಒಂದು ಕ್ಷಣ ಅವರಿಗೆ ಕಷ್ಟವಾಯಿತೆಂಬುದು ನಿಜ.

"ಎಲ್ಲಿ ಹೋಯ್ತು? ಇಲ್ಲೇ ಇದೆಯಲ್ಲ," ಎಂದರು. "ಉಳಿದ ಗಿರಾಕಿಗಳ ಹೊಟ್ಟೆ, ಭುಜ ಎಲ್ಲಾ ನಿನಗೆ ಗೊತ್ತಾಯ್ತು. ಈ ನಾಲ್ಕು ಹಾಳೇಲಿರೋ ಗಂಡಸರ ಮಾನವಾದ್ರೂ ಉಳೀಲಿ ಬಿಡು."

ಅವೀವಾಳಿಗೆ ಮೊದಲು ಮೂಗಿನಲ್ಲಿ ಬಂದ ನಗು ಆಮೇಲೆ ತಡೆಯಲಾಗಲಿಲ್ಲ. ಫ್ರೇಡಾ ಹಬೆಯ ಪಾತ್ರೆಯನ್ನು ಒಲೆಯಿಂದ ಇಳಿಸಿ, ಅಲ್ಲಿ ಚಹಾಕ್ಕೆ ನೀರಿಟ್ಟರು.