ಎಡಕ್ಕೆ ಜೋತ ಕೋಟು

ನನ್ನ ಕರಿಕೋಟಿನ ಎಡಗಡೆಯ ಅಂಚು ಬಲಗಡೆಯದಕ್ಕಿಂತ ಕೊಂಚ ಕೆಳಗಿಳಿದಿದೆ. ಲೋಕಕ್ಕೆ ತಿಳಿಯಲೇಬೇಕಾದ ಸಂಗತಿಯೇನೂ ಇದಲ್ಲ, ನನಗೇ ತಿಳಿದದ್ದು ಮೊನ್ನೆ, ಮದ್ದೂರಿನ ನಮ್ಮ ದರ್ಜಿ ರಾಜಣ್ಣ, ಕಿತ್ತುಹೋದ ಗುಂಡಿಯೊಂದನ್ನು ಹಾಕಲೆಂದು ಕೋಟನ್ನು ಕೊಕ್ಕೆಗೆ ತಗುಲಿಸಿ, ಹಿಂದೆ ಸರಿದು, ದೇವರ ಪಟ ಸೊಟ್ಟಗಿದೆಯೇ ಎಂದು ನೋಡುವವನಂತೆ ತಲೆ ವಾಲಿಸಿ, "ಏನ್ ಸಾ, ಎಡ್ಗಡೆ ಜೇಬಲ್ಲಿ ಗುಂಡ್ಕಲ್ಲು ಮಡಿಕಂಡು ಓಡಾಡ್ತೀರಾ?" ಎಂದು ಕೇಳಿದಾಗ.

ಗುರುತ್ವಾಕರ್ಷಣೆ ಪಕ್ಷಪಾತಿಯಲ್ಲ. ಭೂಮಾತೆ ಎಡವನ್ನೂ ಬಲವನ್ನೂ ಸಮಚಿತ್ತದಿಂದಲೇ ಎಳೆಯುತ್ತಾಳೆ. ಆದ್ದರಿಂದ ಎಡ ಅಂಚಿನ ಮೇಲೆ ಭೂಮಿಯದಲ್ಲದ ಇನ್ನೊಂದು ಶಕ್ತಿ ಬಹುಕಾಲ ಕೆಲಸ ಮಾಡಿರಬೇಕೆಂದು, ಹಿಂದೆ ವಿಜ್ಞಾನ ಬೋಧಿಸಿದ ಹಕ್ಕಿನಿಂದ, ದರ್ಜಿಯಂಗಡಿಯ ಬೆಂಚಿನ ಮೇಲೆ ಕುಳಿತೇ ತೀರ್ಮಾನಿಸಿದೆ. ಆ ಶಕ್ತಿಯ ಹೆಸರೂ ಒಡನೆ ಹೊಳೆಯಿತು: ಮಳವಳ್ಳಿಯ ವಕೀಲ ನಂಜುಂಡಯ್ಯನವರು, ನನ್ನ ಸೀನಿಯರು.

ಅವರ ಕೈಗೆ ನನ್ನ ಕೋಟು ಸಿಕ್ಕಿದ ಬಗೆಯನ್ನು ಹೇಳಬೇಕು. ಮಂಡ್ಯದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಉಪನ್ಯಾಸಕನಾಗಿದ್ದೆ. ವರ್ಷ ಕಳೆದಂತೆ ಹುಡುಗರೆಲ್ಲ ವಾಣಿಜ್ಯದತ್ತ ಹೊರಳಿ, ಕೊನೆಗೆ ನನ್ನ ತರಗತಿಯಲ್ಲಿ ವಿದ್ಯಾರ್ಥಿಗಳಿಗಿಂತ ಗಾಜಿನ ಪ್ರನಾಳಗಳೇ ಹೆಚ್ಚಾದವು. ಆಡಳಿತ ಮಂಡಳಿಯವರು ಸಜ್ಜನರು. ನನ್ನನ್ನು ತೆಗೆಯಲಿಲ್ಲ, ವಿಭಾಗವನ್ನೇ ತೆಗೆದರು. ನಲವತ್ತರ ಹೊಸ್ತಿಲಲ್ಲಿ ನಿಂತು ಏನು ಮಾಡಲೆಂದು ಯೋಚಿಸುತ್ತಿದ್ದಾಗ ಯಾರೋ ಕಾನೂನು ಓದೆಂದರು, ಓದಿದೆ. ಹಿಂದೆ ನಾನು ನಪಾಸು ಮಾಡಿದ್ದ ಹುಡುಗನೊಬ್ಬ ಅಲ್ಲಿ ನನ್ನ ಸಹಪಾಠಿಯಾಗಿದ್ದು, ದ್ವೇಷವನ್ನೆಲ್ಲ ಮರೆತು ನನಗೆ ನೋಟ್ಸು ಕೊಟ್ಟು ಉದ್ಧರಿಸಿದನು. ಹೊಳಲಿನಿಂದ ಬಂದ ನನ್ನ ಮಾವನವರು ಮಾತ್ರ ಜಗಲಿಯ ಮೇಲೆ ಕೂತು ಮಗಳ ಮುಂದೆ ಅಳಲು ತೋಡಿಕೊಂಡರು: "ಅಲ್ಲ ಕಣವ್ವಾ, ಗ್ಯಾಸು, ಆಸಿಡ್ಡು ಅಂತಿದ್ದೋರು ಈಗ ಲಾಯ್ರಿ ಆಯ್ತಾರಾ? ಕಾಯಕ್ಕೆ ಹಾಲಿಟ್ಟು, ಮೊಸ್ರು ಬುಡು ಅಂತ ತಟ್ಟೆ ಮುಂದೆ ಕುಂತಂಗಾಯ್ತು." ನನ್ನ ಹೆಂಡತಿ ಗಂಡನ ಪರವಾಗಿ ನಿಂತಳು. "ಸುಮ್ಕಿರಪ್ಪಾ. ಮನೇಲೆಂಗೂ ವಾದ ಮಾಡ್ತಾನೇ ಅವ್ರೆ. ಅಲ್ಲಾದ್ರೂ ಯಾರಾರ ಕೇಳ್ಲಿ." ನನ್ನ ಪರವಾಗಿ ಮಂಡಿತವಾದ ಮೊದಲ ವಕಾಲತ್ತು ಅದು, ಅದಕ್ಕಿಂತ ಸಮರ್ಥವಾದುದನ್ನು ಇಂದಿಗೂ ನಾನು ಕೇಳಿಲ್ಲ.

ನಂಜುಂಡಯ್ಯನವರು ಇತಿಹಾಸದ ಬಿ.ಎ. ವಿಜ್ಞಾನದ ಬಗ್ಗೆ ಅವರಿಗೆ ಗೌರವವಿತ್ತು, ದೂರದ ಸಿರಿವಂತ ನೆಂಟರ ಬಗ್ಗೆ ಇರುವಂಥದು. ಮೊದಲ ದಿನವೇ ಎಲೆಯಡಿಕೆಯನ್ನು ದವಡೆಯ ಒಂದು ಬದಿಗೆ ಸರಿಸಿ ದೀಕ್ಷೆ ಕೊಟ್ಟರು: "ನೋಡಯ್ಯಾ ಮೇಷ್ಟ್ರೇ, ನಿಮ್ಮ ಪ್ರಯೋಗಶಾಲೆಯಲ್ಲಿ ಉತ್ತರ ಗೊತ್ತಿಲ್ಲ ಅಂತ ಪ್ರಶ್ನೆ ಕೇಳ್ತೀರಿ. ಇಲ್ಲಿ ಉತ್ತರ ಗೊತ್ತಿದ್ದರೆ ಮಾತ್ರ ಕೇಳಬೇಕು. ಇಷ್ಟೇ ವ್ಯತ್ಯಾಸ." ಇಷ್ಟೇ ವ್ಯತ್ಯಾಸವೆಂದು ಅವರು ಹೇಳಿದ್ದನ್ನು ಅರಗಿಸಿಕೊಳ್ಳಲು ನನಗೆ ಆಮ್ಲ, ಪ್ರತ್ಯಾಮ್ಲ ಯಾವುದೂ ನೆರವಾಗಲಿಲ್ಲ. ಅರಗುವವರೆಗಿನ ಮಧ್ಯಂತರ ವ್ಯವಸ್ಥೆಯಾಗಿ ಅವರು ತಮ್ಮ ಗುರುಗಳಿಂದ ಬಂದ ಪದ್ಧತಿಯೊಂದನ್ನು ಜಾರಿಗೆ ತಂದರು. ನಾನು ಎದ್ದುನಿಂತು ಎದುರು ಪಕ್ಷದ ಸಾಕ್ಷಿಯನ್ನು ಪಾಟೀಸವಾಲು ಮಾಡುವಾಗ ಅವರು ನನ್ನ ಹಿಂದಿನ ಕುರ್ಚಿಯಲ್ಲಿ ಕೂರುವುದು. ಬೇಕಾದ ಉತ್ತರ ಸಿಕ್ಕಿದ ಕ್ಷಣವೇ ಕೋಟಿನ ಎಡ ಅಂಚನ್ನು ಹಿಡಿದೆಳೆಯುವುದು. ಎಳೆದೊಡನೆ ನಾನು ಕೂತುಬಿಡುವುದು. ಎತ್ತಿನ ಮೂಗುದಾರಕ್ಕೂ ಇದಕ್ಕೂ ಇರುವ ತತ್ತ್ವ ಒಂದೇ. ಆದರೆ ಎತ್ತು ಬುದ್ಧಿಯುಳ್ಳ ಪ್ರಾಣಿ, ಎಳೆದರೆ ನಿಲ್ಲುತ್ತದೆ.

ನಾನು ನಿಲ್ಲಲಿಲ್ಲವೆಂಬುದಕ್ಕೆ ತೆಂಗಿನಕಾಯಿ ಕೇಸೇ ಸಾಕ್ಷಿ. ಪಕ್ಕದ ತೋಟದ ಮರ ಹತ್ತಿ ಕಾಯಿ ಕೆಡವಿದನೆಂಬುದು ನಮ್ಮ ಕಕ್ಷಿದಾರನ ಮೇಲಿನ ಆರೋಪ. ನೋಡಿದೆನೆಂದ ಸಾಕ್ಷಿ ದಪ್ಪ ಕನ್ನಡಕದ ಮುದುಕ. ಘಟನೆಯ ದಿನ ಆ ಕನ್ನಡಕ ರಿಪೇರಿಗೆ ಹೋಗಿತ್ತೆಂದು ಅವನ ಬಾಯಿಂದಲೇ ಬರಿಸಿದೆ. ಕೋಟು ಜಗ್ಗಿತು. ಅಲ್ಲಿಗೆ ಕೂತಿದ್ದರೆ ಕೇಸು ಗೆದ್ದಂತೆಯೇ. ಆದರೆ ಕನ್ನಡಕವಿಲ್ಲದ ಕಣ್ಣು ಅಷ್ಟೆತ್ತರದ ಆಕೃತಿಯನ್ನು ಗುರುತಿಸಿದ ವಿದ್ಯಮಾನ ನನ್ನಂಥವನನ್ನು ಕೂರಲು ಬಿಟ್ಟೀತೆ? "ಹಾಗಾದರೆ ಮರದ ಮೇಲಿದ್ದವನು ಇವನೇ ಎಂದು ಹೇಗೆ ತಿಳಿಯಿತು?" ಎಂದುಬಿಟ್ಟೆ. ಮುದುಕ ನನ್ನನ್ನು ಮರುಕದಿಂದ ನೋಡಿದ. "ಅವ್ನೇ ಮೇಲಿಂದ ಕೂಗುದ್ನಲ್ಲ ಸಾ, 'ಲೇ ಮಾವ, ನಾನು ಕಣ್ಲಾ, ಒಂದು ಬೀಡಿ ಎಸಿ' ಅಂತ." ನ್ಯಾಯಾಧೀಶರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಕಕ್ಷಿದಾರನಿಗೆ ದಂಡವಾಯಿತು. ನನಗೆ ಬಾರ್ ಅಸೋಸಿಯೇಷನ್ನಿನಲ್ಲಿ "ಬೀಡಿ ಮೇಷ್ಟ್ರು" ಎಂಬ ಬಿರುದಾಯಿತು. ಅಂದಿನಿಂದ ಸೀನಿಯರ ಎಳೆತಕ್ಕೆ ಇನ್ನಷ್ಟು ಬಲ ಬಂತು.

ಹೀಗಿರಲಾಗಿ ನಮ್ಮ ಕಚೇರಿಗೆ ಸಾಕಮ್ಮ ಬಂದರು. ಮಳವಳ್ಳಿಯಿಂದ ಮುತ್ತತ್ತಿಗೆ ಹೋಗುವ ದಾರಿಯ ಪಕ್ಕದ ಹಳ್ಳಿಯವರು. ರೇಷ್ಮೆಹುಳು ಸಾಕಿಯೇ ಮಗಳನ್ನು ನರ್ಸಿಂಗ್ ಓದಿಸಿದವರು. ಅವರ ಹುಳುಮನೆಗೆ ಅನತಿ ದೂರದಲ್ಲಿ ಬೋರೇಗೌಡರ ಆಲೆಮನೆ. ಬೆಲ್ಲದ ಕೊಪ್ಪರಿಗೆಯ ಒಲೆಗೆ ಕಬ್ಬಿನ ಸಿಪ್ಪೆ ಸಾಲದೆ ಗೌಡರು ಹಳೆಯ ಟೈರುಗಳನ್ನು ತುಂಬಲು ಶುರುಮಾಡಿದ ಮೇಲೆ, ಇನ್ನೇನು ಗೂಡು ಕಟ್ಟಬೇಕಾಗಿದ್ದ ಹುಳುಗಳು ತಲೆ ಎತ್ತದೆ ಸತ್ತವು; ಮುಂದಿನ ಬೆಳೆಯೂ ಹಾಗೆಯೇ ಹೋಯಿತು. ಟೈರು ಸುಡದಂತೆ ತಡೆಯಾಜ್ಞೆ ಬೇಕೆಂದು ದಾವೆ. ಗೌಡರ ಪ್ರತಿವಾದ ಸರಳವಾಗಿತ್ತು: ಹೊಗೆ ನೆಟ್ಟಗೆ ಆಕಾಶಕ್ಕೆ ಹೋಗುತ್ತದೆ, ಸಾಕಮ್ಮನ ಕಡೆ ತಿರುಗಿಯೂ ನೋಡುವುದಿಲ್ಲ, ಹುಳು ಸತ್ತದ್ದು ಕಾಯಿಲೆಯಿಂದ.

"ಕೇಸು ಓದ್ರೆ ಇಪ್ನೇರ್ಳೆ ಕಡ್ಡಿ ಕಿತ್ತಾಕಿ ಕಬ್ಬು ನೆಡ್ಬೇಕು ಸಾ," ಎಂದರು ಸಾಕಮ್ಮ. "ಕಬ್ಬು ಅಂದ್ಮೇಲೆ ಅರ್ಸಾಕೆ ಯಾರ್ ತಾವ ಓಗಾನ ಯೋಳಿ? ಆ ಗೌಡನ್ ಗಾಣುಕ್ಕೇ! ಉಸಿರಿರಗಂಟ ಅವ್ನ್ ಬಾಗಲಲ್ಲಿ ನಿಂತ್ಕಬೇಕಾ ನಾನು?"

ಸ್ಥಳ ನೋಡಲು ನಾವಿಬ್ಬರೂ ಹೋದೆವು. ಆಲೆಮನೆ ಹೊಗೆಯಾಡುತ್ತಿತ್ತು. ಹೊಗೆಯಲ್ಲಿ ಗಂಧಕದ ಸುಳಿವಿದೆಯೆಂದು ನಾನು ಮೂಗು ಅರಳಿಸುತ್ತಿದ್ದರೆ, ಸೀನಿಯರು ಆಗತಾನೇ ತೆಗೆದ ಬಿಸಿ ಬೆಲ್ಲದ ಸುಳಿವಿದೆಯೆಂದು ಅರಳಿಸುತ್ತಿದ್ದರು. ನನ್ನ ಕಣ್ಣಿಗೆ ಇನ್ನೊಂದು ಬಿತ್ತು. ಹುಳುಮನೆಯ ಪಕ್ಕಕ್ಕೇ ಇದ್ದ ಗೌಡರ ಸ್ವಂತ ಮನೆಯ ಅಂಗಳದಲ್ಲಿ ಈ ಕಂಬದಿಂದ ಆ ಕಂಬಕ್ಕೆ ಬಟ್ಟೆ ಹರವುವ ಹಗ್ಗ. ಮೇಲೆ ಧಾರಾಳವಾದ ನಡುಹಗಲಿನ ಬಿಸಿಲು. ಹಗ್ಗದ ಮೇಲೆ ಒಂದು ಟವೆಲೂ ಇಲ್ಲ. ತುಂಬಿದ ಸಂಸಾರದ ಮನೆ. ಇದೇಕೆ ಹೀಗೆ ಎಂಬ ಹುಳು ನನ್ನ ತಲೆಯನ್ನು ಹೊಕ್ಕಿತು; ಅದು ಮಾತ್ರ ಯಾವ ಹೊಗೆಗೂ ಸಾಯಲಿಲ್ಲ.

ಸಾಕ್ಷ್ಯದ ದಿನ ಬಂತು. ಕಟಕಟೆಯಲ್ಲಿ ಬೋರೇಗೌಡರು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಶೋಭಿಸುತ್ತಿದ್ದರು. ಟೈರನ್ನೇ ನೋಡಿಲ್ಲವೆಂದು ಶುರುಮಾಡಿದವರು, ಸುತ್ತಿ ಬಳಸಿ ಕೇಳಿದ ಮೇಲೆ, "ಒಂದೊಂದ್ ದಪ ಒಲೆ ಅತ್ಕಳ್ಳಿ ಅಂತ ಆಕೋದುಂಟು" ಎಂಬಲ್ಲಿಗೆ ಬಂದರು. ಕೋಟು ಜಗ್ಗಿತು. ನಾನು ನಿಂತೇ ಇದ್ದೆ. ಟೈರು ಸುಟ್ಟದ್ದೇನೋ ಸಿಕ್ಕಿತು. ಹೊಗೆ ಹೋದ ದಿಕ್ಕು ಸಿಕ್ಕಿರಲಿಲ್ಲ. ಮತ್ತೆ ಜಗ್ಗಿತು, ಈ ಬಾರಿ ಹೊಲಿಗೆ ಚಿರ್ರೆನ್ನುವಷ್ಟು. ಹಿಂದೆ ತಿರುಗಿದರೆ ಬೆಂಚಿನ ತುದಿಯಲ್ಲಿ ಸಾಕಮ್ಮ ಸೆರಗಿನ ಚುಂಗನ್ನು ಬಾಯಿಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಮುಂದಿನ ಪ್ರಶ್ನೆಯ ಉತ್ತರ ನನಗೆ ಗೊತ್ತಿರಲಿಲ್ಲ. ಆ ದಿನ ಬಟ್ಟೆ ಒಗೆದೇ ಇರಲಿಲ್ಲವೆಂದರೆ? ಹಿತ್ತಲಲ್ಲಿ ಇನ್ನೊಂದು ಹಗ್ಗವಿದೆಯೆಂದರೆ? ಬೀಡಿ ಕೇಳಿದ ಆ ದನಿ ತೆಂಗಿನ ಮರದ ತುದಿಯಿಂದ ಇನ್ನೊಮ್ಮೆ ಕೇಳಿಸಿತು.

"ಗೌಡರೇ, ಆಲೆಮನೆ ಉರಿಯುವ ದಿನ ನಿಮ್ಮ ಮನೆಯವರು ಬಟ್ಟೆ ಎಲ್ಲಿ ಒಣಗಿಸುತ್ತಾರೆ?"

ಎದುರು ವಕೀಲರು, ಇದು ಅಪ್ರಸ್ತುತ ಪ್ರಶ್ನೆಯೆಂದು ಏಳುವಷ್ಟರಲ್ಲಿ ಗೌಡರು, ನಮ್ಮ ಸೀಮೆಯ ಬಾಯಿಗೆ ತಕ್ಕಂತೆ, ಹೇಳಿಯೇಬಿಟ್ಟಿದ್ದರು. "ಇನ್ನೆಲ್ಲಿ ಸಾ, ಒಳ್ಗೇ! ಈಚೆಗಾಕುದ್ರೆ ಮಸಿ ಕುಂತ್ಕತದಲ್ಲ. ಈ ಪಂಚೆನೂ ನಿಮ್ ಕೋಟಾಗೋಯ್ತದೆ!"

ತಮ್ಮ ಚಟಾಕಿಗೆ ತಾವೇ ನಕ್ಕರು. ಬೇರೆ ಯಾರೂ ನಗಲಿಲ್ಲವೆಂಬುದು ಗಮನಕ್ಕೆ ಬರಲು ಕೊಂಚ ಹೊತ್ತು ಹಿಡಿಯಿತು. ಅಷ್ಟರಲ್ಲಿ ನ್ಯಾಯಾಧೀಶರು ಬೆರಳಚ್ಚುಗಾರ್ತಿಗೆ, "ಆಲೆಮನೆ ಉರಿಯುವ ದಿನಗಳಲ್ಲಿ ನನ್ನ ಮನೆಯ ಅಂಗಳಕ್ಕೆ ಮಸಿ ಬೀಳುತ್ತದೆ ಎಂಬುದು ನಿಜ" ಎಂದು ಬಿಡಿಸಿ ಬಿಡಿಸಿ ಹೇಳತೊಡಗಿದ್ದರು. ಆಗ ನನಗೆ ಅರಿವಾಯಿತು, ನನ್ನ ಕೋಟನ್ನು ಯಾರೂ ಎಳೆಯುತ್ತಿಲ್ಲ. ಯಾವ ಗಳಿಗೆಯಲ್ಲಿ ಬಿಟ್ಟರೋ ಕಾಣೆ. ನಾನಾಗಿಯೇ ಕೂತೆ.

ತೀರ್ಪು ಸಾಕಮ್ಮನ ಕಡೆಗಾಯಿತು: ಆಲೆಮನೆ ನಡೆಯಲಿ, ಟೈರು ಕೂಡದು. ಕೋರ್ಟಿನ ಮೆಟ್ಟಿಲ ಬಳಿ ಸಾಕಮ್ಮ ಗೌಡರನ್ನು ತಡೆದು ನಿಲ್ಲಿಸಿದಾಗ ಜಗಳವೇ ಆದೀತೆಂದು ನಾನು ಹತ್ತಿರ ಓಡಿದೆ. "ಓಗ್ಲಿ ಬುಡು ಗೌಡಣ್ಣ," ಎನ್ನುತ್ತಿದ್ದರು, "ಇನ್ನಾರ ನಿಮ್ಮನೆ ಅಕ್ಕಯ್ಯ ಬಟ್ಟೆ ಬಿಸ್ಲಿಗಾಕ್ಲಿ." ಗೌಡರು ಏನೋ ಗೊಣಗಿದರು. ಊರಿಗಿದ್ದುದು ಒಂದೇ ಬಸ್ಸು; ಇಬ್ಬರೂ ಅದನ್ನೇ ಹತ್ತಿದರು.

ಸಂಜೆ ಕಚೇರಿಯಲ್ಲಿ ಸೀನಿಯರು ಎಲೆಗೆ ಸುಣ್ಣ ಸವರುತ್ತ ಕೇಳಿದರು: "ಉತ್ತರ ಗೊತ್ತಿತ್ತೇನಯ್ಯಾ?"

"ಇಲ್ಲ ಸಾರ್."

"ಮತ್ಯಾಕೆ ಕೇಳಿದೆ?"

"ತಿಳಕೊಳ್ಳೋಣ ಅಂತ."

"ಆ ಕಾಯಿಲೆ ಇನ್ನೂ ವಾಸಿಯಾಗಿಲ್ಲ," ಎಂದು ಎಲೆಯನ್ನು ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತಿಗೆ, ಗೋಡೆಗೆ ಹೇಳುವವರಂತೆ, "ಆ ಹಗ್ಗವನ್ನ ನಾನೂ ನೋಡಿದ್ದೆ, ಬರೀ ಹಗ್ಗ ಅಂದುಕೊಂಡೆ" ಎಂದರು.

ಈಗ ಕೆಲವು ವರ್ಷಗಳಿಂದ ಅವರ ಮಂಡಿ ಕೋರ್ಟಿನ ಮೆಟ್ಟಿಲುಗಳನ್ನು ಒಪ್ಪುತ್ತಿಲ್ಲ. ಮನೆಯಲ್ಲೇ ಕೂತು ದಿನಪತ್ರಿಕೆಯನ್ನು ಪಾಟೀಸವಾಲು ಮಾಡುತ್ತಾರೆ. ನನ್ನ ಹಿಂದಿನ ಕುರ್ಚಿ ಖಾಲಿ. ಇದನ್ನೆಲ್ಲ ರಾಜಣ್ಣನಿಗೆ ಹೇಳಿ, ಕೋಟು ಎಡಕ್ಕೆ ಜೋತುಬಿದ್ದ ಐತಿಹಾಸಿಕ ಕಾರಣವನ್ನು ಸಪ್ರಮಾಣವಾಗಿ ನಿರೂಪಿಸಿದೆ. ಅವನು ಗುಂಡಿ ಹಾಕುತ್ತ ಕೇಳಿಸಿಕೊಂಡು, ಹಲ್ಲಿನಿಂದ ದಾರ ಕಡಿದು, ಕೋಟನ್ನು ತಿರುಗಿಸಿ ಒಳಗಿನ ಲೇಬಲು ನೋಡಿದ.

"ಅದೆಲ್ಲ ಸರಿ ಸಾ. ಆದ್ರೆ ಇದು ಓದ್ ವರ್ಸ ನಾನೇ ಒಲ್ಕೊಟ್ಟ ಒಸಾ ಕೋಟು. ನಿಮ್ ಯಜಮಾನ್ರು ಕೋರ್ಟ್ಗೆ ಬರೋದು ಬುಟ್ಟು ಎಷ್ಟ್ ಕಾಲ ಆಯ್ತು?"

ನನ್ನ ಎಡಗೈ ತಾನಾಗಿಯೇ, ಮೈಮೇಲಿಲ್ಲದ ಕೋಟಿನ ಅಂಚನ್ನು ತಡಕಿತು. ಕಟಕಟೆಯ ಮುಂದೆ ನಿಂತು, ಗೊತ್ತಿಲ್ಲದ ಉತ್ತರವೊಂದರ ಕಡೆಗೆ ನಾಲಿಗೆ ಹೊರಳುವಾಗಲೆಲ್ಲ ನನ್ನ ಎಡಗೈ ಎಲ್ಲಿರುತ್ತದೆಂದು ಆವರೆಗೆ ನಾನು ಗಮನಿಸಿರಲಿಲ್ಲ.

"ಸಮ ಮಾಡ್ಕೊಡ್ಲಾ ಸಾ?" ಎಂದ ರಾಜಣ್ಣ.

ಬೇಡವೆಂದು ಕೋಟು ತೊಟ್ಟು ಹೊರಟೆ. ಮಳವಳ್ಳಿಯ ಬಸ್ಸು ಆಗಲೇ ಬಂದು ನಿಂತಿತ್ತು. ಮರುದಿನ ಒಬ್ಬ ಸಾಕ್ಷಿಯಿದ್ದ, ಅವನನ್ನು ಕೇಳಬೇಕಾದ್ದೊಂದಿತ್ತು.