ದೊರೊ ಮರದ ಜೂಲು

ಇಸೊಕೊ ಒಂದು ದಿನವೂ ಕುಣಿದವಳಲ್ಲ. ಆದರೂ ಅವಳಿಲ್ಲದೆ ಕುಸಾಬಾ ಊರಿನ ಜಿಂಕೆ ಕುಣಿತ ನಡೆಯುತ್ತಿರಲಿಲ್ಲ. ಜಿಂಕೆಯ ಮುಖವಾಡಗಳಿಗೆ ಸೊಂಟದವರೆಗೆ ಇಳಿಬೀಳುವ ಬಿಳಿಯ ಜೂಲು ಬೇಕು. ಹೊಳೆದಂಡೆಯಲ್ಲಿ ಬೆಳೆಯುವ ದೊರೊ ಎಂಬ ಮೆದು ಮರವನ್ನು ಕೀಸುಳಿಯಿಂದ ಕೀಸಿ ತೆಗೆದ ಎಳೆಗಳೇ ಆ ಜೂಲು. ಬಡಗಿಯಾಗಿದ್ದ ಅಪ್ಪನಿಂದ ಕಲಿತ ಈ ಕೆಲಸ ಊರಿನಲ್ಲಿ ಅವಳೊಬ್ಬಳಿಗೇ ಬರುತ್ತಿತ್ತು. ವಾರವಿಡೀ ಮೀನಿನ ಶೆಡ್ಡಿನಲ್ಲಿ ದುಡಿದು, ಭಾನುವಾರ ಕೀಸಲು ಕೂರುತ್ತಿದ್ದಳು.

ಅವಳಿಗೆ ಅರವತ್ತೊಂದಾದ ವರ್ಷ ಬಂದ ಚಂಡಮಾರುತಕ್ಕೆ ಹೊಳೆ ದಿಕ್ಕು ತಪ್ಪಿ ಹರಿಯಿತು. ದಂಡೆಯ ದೊರೊ ಮರಗಳೆಲ್ಲ ಬುಡಸಮೇತ ಸಮುದ್ರ ಸೇರಿದವು. ಶಾಲೆಯ ಹಿಂದಿನದೊಂದು ಉಳಿಯಿತು. ಅಂಥ ಮಳೆ ಮೊದಲು ತಲೆಮಾರಿಗೊಮ್ಮೆ ಬರುತ್ತಿತ್ತು; ಈಗ ಮೂರು ವರ್ಷಕ್ಕೊಮ್ಮೆ.

ಮೇಳದ ಯಜಮಾನ ತೊಕುಜೊ ಅವಳ ಮನೆಗೆ ಬಂದ.

"ಅಕ್ಕಾ, ಪೇಟೇಲಿ ಪ್ಲಾಸ್ಟಿಕ್ ಎಳೆ ಸಿಗುತ್ತಂತೆ. ನೆನೆದ್ರೂ ಏನೂ ಆಗಲ್ಲ."

"ಹಾಗಾದ್ರೆ ಪ್ಲಾಸ್ಟಿಕ್ ಕಾಲೂ ಸಿಗುತ್ತಾ ಕೇಳು. ನಿನ್ನ ಮಂಡಿನೋವಾದ್ರೂ ಹೋಗುತ್ತೆ."

ತೊಕುಜೊ ನಕ್ಕ, ಆದರೆ ಜಾಗ ಬಿಟ್ಟು ಏಳಲಿಲ್ಲ. "ತಮಾಷೆ ಸಾಕು. ಮರ ಎಲ್ಲಿಂದ ತರ್ತೀಯಾ?"

ಆ ವರ್ಷಕ್ಕೆ ಅವಳು ಅಳಿವೆಗೆ ತೇಲಿಬಂದ ಎರಡು ದಿಮ್ಮಿಗಳನ್ನು ಕೀಸಿ ಸುಧಾರಿಸಿದಳು. ಉಪ್ಪುನೀರು ಕುಡಿದ ಎಳೆಗಳು ಬೂದುಬಣ್ಣಕ್ಕೆ ತಿರುಗಿದ್ದವು. ಯಾರೂ ಆಕ್ಷೇಪಿಸಲಿಲ್ಲ; ಮುಂದಿನ ವರ್ಷಗಳಲ್ಲೂ ಅದೇ ಜೂಲು ಕಟ್ಟಿಕೊಂಡು ಕುಣಿದರು. ವಸಂತದಲ್ಲಿ ಶಾಲೆಯ ಮರದಿಂದ ಕಡ್ಡಿ ಕತ್ತರಿಸಿ ಬಕೆಟ್ಟುಗಳಲ್ಲಿ ಊರಿದಳು. ಬೇರು ಬಿಟ್ಟ ನಲವತ್ತನ್ನು ಕುಣಿಯುವವರೆಲ್ಲ ಸೇರಿ ಹೊಳೆದಂಡೆಯಲ್ಲಿ ನೆಟ್ಟರು.

ಹಿಂದೆಲ್ಲ ಚಳಿಗಾಲದ ಹಿಮ ಜಿಂಕೆಗಳನ್ನು ಈ ಕಣಿವೆಗೆ ಬಿಡುತ್ತಿರಲಿಲ್ಲ. ಈಗ ಹಿಮ ಪಾದ ಮುಚ್ಚುವಷ್ಟೂ ಬೀಳುವುದಿಲ್ಲ. ಜನವರಿಯಲ್ಲಿ ಜಿಂಕೆಗಳು ಗುಂಪಾಗಿ ಇಳಿದು ಸಸಿಗಳ ತೊಗಟೆ ಸುಲಿದವು.

"ನೋಡಕ್ಕಾ, ಮುನ್ನೂರು ವರ್ಷದಿಂದ ಅವುಗಳ ವೇಷ ಹಾಕಿ ಕುಣೀತಿದೀವಿ. ಒಂಚೂರು ದಾಕ್ಷಿಣ್ಯ ಬೇಡ್ವಾ?" ತೊಕುಜೊ ಗೊಣಗಿದ.

"ನಿನ್ನ ಕುಣಿತ ನೋಡೇ ಸಿಟ್ಟು ಬಂದಿರ್ಬೇಕು. ಬಲೆ ತಗೊಂಡ್ಬಾ."

ಹರಿದ ಮೀನುಬಲೆಗಳನ್ನು ಹೊಲಿದು ಸುತ್ತ ಬೇಲಿ ಕಟ್ಟಿದರು. ಸತ್ತವುಗಳ ಜಾಗದಲ್ಲಿ ಮತ್ತೆ ನೆಟ್ಟರು. ಕುಣಿತದ ಅಭ್ಯಾಸಕ್ಕೆ ಬಂದವರು ಮೊದಲು ಬೇಲಿ ನೋಡಿಬರಬೇಕೆಂದು ತೊಕುಜೊ ಕಟ್ಟಳೆ ಮಾಡಿದ.

ಐದನೆಯ ವರ್ಷದ ಸೆಪ್ಟೆಂಬರಿನಲ್ಲಿ ಹೊಳೆ ಮತ್ತೆ ಉಕ್ಕಿತು. ಹನ್ನೊಂದು ಗಿಡಗಳು ಹೋದವು. ಉಳಿದವು ನಿಂತ ಕಡೆ ದಂಡೆ ಕುಸಿಯಲಿಲ್ಲ. ಅದರ ಹಿಂದಿನ ಭತ್ತದ ಗದ್ದೆಗಳಿಗೆ ನೀರು ನುಗ್ಗಿದರೂ ಮಣ್ಣು ಉಳಿಯಿತು. ಇಸೊಕೊ ಕೆಸರಿನಲ್ಲಿ ನಿಂತು ಒಂದು ಕಾಂಡವನ್ನು ಹಿಡಿದು ಅಲುಗಿಸಿದಳು. ತೋಳಿನಷ್ಟು ದಪ್ಪವಿತ್ತು, ಅಲುಗಲಿಲ್ಲ.

"ಕೀಸೋಕೆ ಇನ್ನೂ ಹದಿನೈದು ವರ್ಷ ಬೇಕು," ಎಂದಳು.

"ಆಗ ನಿನಗೆ ಎಂಬತ್ತು ದಾಟಿರುತ್ತೆ," ಎಂದ ತೊಕುಜೊ.

"ನನ್ನ ಲೆಕ್ಕ ಬಿಡು. ನಿನ್ನ ಸೊಸೇನ ಕಳಿಸು."

ಮರುವಾರ ಸೊಸೆ ಚಿಹಾಯಾ ಬಂದಳು. ಇಸೊಕೊ ಅವಳ ಕೈಗೆ ಕೀಸುಳಿ ಕೊಟ್ಟು, ಅಭ್ಯಾಸಕ್ಕೆಂದು ಒಂದು ಪೈನ್ ತುಂಡನ್ನು ಮುಂದಿಟ್ಟಳು. ಸಂಜೆಯವರೆಗೆ ಕೀಸಿದರೂ ಗೇಣುದ್ದದ ಎಳೆಯೊಂದೂ ಬರಲಿಲ್ಲ. ಬಂದ ಪುಡಿಯನ್ನೆಲ್ಲ ಗುಡಿಸಿ ಸ್ನಾನದ ಒಲೆಗೆ ಹಾಕಿದರು.