ನಾನು ಗೆದ್ದು ಕೆಟ್ಟ ಡಿಬೇಟ್

ಆ ಶನಿವಾರವನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತದೆ. "ಕಾಲೇಜಿಗೆ ಹೋಗಿ ನೀ ಏನು ಕಲತಿ ಅಜ್ಜೀ?" ಅಂತ ಮೊಮ್ಮಕ್ಕಳು ಕೇಳುತ್ತಾರೆ. ಲಾಜಿಕ್ ಕಲಿತೆ, ಹಿಸ್ಟರಿ ಕಲಿತೆ ಎನ್ನಬಹುದು. ಆದರೆ ಅದೆಲ್ಲ ಯಾವಾಗಲೋ ಮರೆತುಹೋಗಿದೆ. ಮರೆಯದೆ ಉಳಿದದ್ದನ್ನು ಒಂದು ಮಾತಿನಲ್ಲಿ ಹೇಳಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಬೇಕು.

ಆಗ ನನಗೆ ಹದಿನೇಳು. ಹತ್ತರಲ್ಲೇ ಮದುವೆಯಾಗಿತ್ತು. ನಮ್ಮವರು ಮದ್ರಾಸಿನಲ್ಲಿ ಮೆಡಿಕಲ್ ಓದುತ್ತಿದ್ದರು. ಕೋರ್ಸ್ ಮುಗಿಯುವವರೆಗೆ ನಾನು ಬಳ್ಳಾರಿಯ ತವರಿನಲ್ಲೇ. ಅಪ್ಪ ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತರು. ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ನನ್ನ ಸ್ಕೂಲು ಮುಗಿದಾಗ ಅಲ್ಲಿನ ಮದರ್ ತಾವೇ ಅಪ್ಪನನ್ನು ಕರೆಸಿ, "ಈ ಹುಡುಗಿಯನ್ನು ಕಾಲೇಜಿಗೆ ಕಳಿಸದಿದ್ದರೆ ಅದು ಸಿನ್, ಮಹಾ ಪಾಪ" ಎಂದರಂತೆ. ಅಪ್ಪ ಹೆದರಿದರೋ, ಹಿಗ್ಗಿದರೋ, ಅಂತೂ ಎರಡು ವರ್ಷದ ಎಫ್.ಎ. ಕ್ಲಾಸಿಗೆ ನನ್ನ ಹೆಸರು ಹತ್ತಿತು. ಈಗ ಗಾಂಧಿನಗರ ಎನ್ನುತ್ತಾರಲ್ಲ, ಆ ಕಡೆಯೆಲ್ಲ ಆಗ ಬರೀ ಬಯಲು. ಕೋಟೆ ಗುಡ್ಡದ ಕೆಳಗಿನ ನಮ್ಮ ಮನೆಯಿಂದ ನಾನು ಮುಚ್ಚಿದ ಗಾಡಿಯಲ್ಲಿ ಹೋಗಿಬರುತ್ತಿದ್ದೆ. ಕ್ಲಾಸಿನಲ್ಲಿ ಮೂವತ್ತು ಹುಡುಗರು. ಪ್ರೊಫೆಸರ್ ಮೇಜಿನ ಪಕ್ಕದಲ್ಲಿ ಒಂದು ಬಿದಿರಿನ ತಟ್ಟಿ, ತಟ್ಟಿಯ ಹಿಂದೆ ಒಂದು ಬೆಂಚು, ಬೆಂಚಿನ ಮೇಲೆ ನಾನು. ನನಗೆ ಅವರು ಕಾಣುತ್ತಿದ್ದರು, ಅವರಿಗೆ ನಾನು ಕಾಣುತ್ತಿರಲಿಲ್ಲ. ಪೂರ್ ಫೆಲೋಸ್!

ಮೊದಲನೆಯ ವರ್ಷ ಮುಗಿಯಿತು. ಎರಡನೆಯ ವರ್ಷದ ಕ್ಲಾಸಿಗೆ ಎರಡು ವಾರ ಬಾಕಿ ಇದ್ದಾಗ ಸಿರುಗುಪ್ಪದಿಂದ ತಾತ ಬಂದಿಳಿದರು. ತಾತ ಎಂದರೆ ಅಪ್ಪನ ತಂದೆ. ಶಾಸ್ತ್ರ ಓದಿದವರು, ಸುತ್ತಿನ ಹಳ್ಳಿಗಳ ಜಗಳಗಳನ್ನು ಗುಡಿಯ ಕಟ್ಟೆಯ ಮೇಲೆ ಕೂತು ತೀರಿಸುವವರು. ಅಪ್ಪ ಅವರೆದುರು ಒಂದು ಮಾತೂ ಆಡುತ್ತಿರಲಿಲ್ಲ. ತಾತ ಕಾಲು ತೊಳೆದುಕೊಂಡು ಒಳಗೆ ಬಂದವರೇ ಹೇಳಿದರು: "ಒಂದು ವರ್ಷ ಆತು. ಸಾಕೋ ಬೇಕೋ ನಾನೇ ನೋಡಿ ಹೇಳ್ತೀನಿ. ಸಾಕನಿಸಿದ್ರ ಕೂಸು ನನ್ನ ಜೋಡಿ ಸಿರುಗುಪ್ಪಕ್ಕ ಬರ್ತದ, ಅವರಜ್ಜಿ ಹತ್ರ ಮಡಿ ಅಡಿಗಿ ಕಲೀತದ."

ಅಪ್ಪ ಬುದ್ಧಿವಂತಿಕೆ ಮಾಡಿದರು. ರಜೆಯಾದರೂ ಆ ಶನಿವಾರ ನಮ್ಮ ಕಾಲೇಜಿನ ಡಿಬೇಟಿಂಗ್ ಸೊಸೈಟಿಯ ಸಭೆ. ಅವತ್ತು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಊರಿನ ಹಿರಿಯರಿಗೂ ಇನ್ವಿಟೇಶನ್. "ಮೊಮ್ಮಗಳು ಮಾತಾಡ್ತಾಳ, ಬಂದು ಕೇಳ್ರಿ" ಎಂದರು. ತಾತನಿಗೆ ಸಭೆ ಎಂದರೆ ಪ್ರಾಣ. ಒಪ್ಪಿದರು.

ಆದರೆ ಅಪ್ಪನಿಗೆ ಒಂದು ವಿಷಯ ಗೊತ್ತಿರಲಿಲ್ಲ. ಆವತ್ತಿನ ಮೋಷನ್ "ಹೆಣ್ಣುಮಕ್ಕಳಿಗೆ ಕಾಲೇಜಿನ ಓದು ಬೇಕು" ಎಂಬುದು. ಯಾರು ಯಾವ ಪಕ್ಷ ಎಂಬುದನ್ನು ಪ್ರೊಫೆಸರ್ ತಮ್ಮ ಹ್ಯಾಟಿನಲ್ಲಿ ಚೀಟಿ ಹಾಕಿ ಎತ್ತಿಸುತ್ತಿದ್ದರು. ನಾನು ಎತ್ತಿದ ಚೀಟಿಯಲ್ಲಿ ಇದ್ದದ್ದು "ಬೇಡ".

ಕಣ್ಣಲ್ಲಿ ನೀರು ತುಂಬಿ ಪ್ರೊಫೆಸರ್ ಬಳಿ ಹೋಗಿದ್ದೆ. "ಸರ್, ಪ್ಲೀಸ್, ಬದಲಾಯಿಸಿ." ಅವರು ನಕ್ಕರು. "ಮನಸ್ಸಿಗೆ ಒಪ್ಪಿದ್ದನ್ನು ಯಾರು ಬೇಕಾದರೂ ಹೇಳಬಹುದಮ್ಮಾ. ಒಪ್ಪದ್ದನ್ನು ಚೆನ್ನಾಗಿ ಹೇಳು. ಆಗ ಗೊತ್ತಾಗುತ್ತೆ ನಿನಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಅಂತ."

ಸರಿ, ಪಾಯಿಂಟು ಹುಡುಕಲು ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಮನೆಯಲ್ಲಿ ಹುಟ್ಟಿದಾಗಿನಿಂದ ಕೇಳಿದ್ದನ್ನೇ ನಾಲ್ಕು ಕಟ್ಟು ಮಾಡಿಕೊಂಡೆ. ಒಂದು, ಹೊರಗೆ ಹೋದವಳಿಂದ ಮನೆಯ ಮಡಿ ಕೆಡುತ್ತದೆ. ಎರಡು, ಓದಿದರೆ ಕಣ್ಣು ಹೋಗುತ್ತದೆ. ಮೂರು, ಓದಿದವಳು ಹಿರಿಯರಿಗೆ ಎದುರು ಮಾತಾಡುತ್ತಾಳೆ. ನಾಲ್ಕು, ಗಂಡಸಾದರೆ ಕಚೇರಿ ಸೇರುತ್ತಾನೆ, ಇವಳು ಓದಿ ಏನು ಮಾಡುತ್ತಾಳೆ?

ಶನಿವಾರ ಹಾಲ್ ತುಂಬಿತ್ತು. ಪಕ್ಕದ ಕುರ್ಚಿಗಳಲ್ಲಿ ಪೇಟ ಸುತ್ತಿದ ಹಿರಿಯರು. ಮುಂದಿನ ಸಾಲಿನಲ್ಲೇ ತಾತ, ಜರಿಯ ಶಾಲು ಹೊದ್ದು. "ಬೇಕು" ಎನ್ನುವ ಪಕ್ಷದ ಹುಡುಗ ಮೊದಲು ಎದ್ದ. ಕೆಮ್ಮಿದ, ನೀರು ಕುಡಿದ, ಮತ್ತೆ ಕೆಮ್ಮಿದ, ಕೈಯಲ್ಲಿ ಕಾಗದ ಇದ್ದರೂ ಎರಡು ವಾಕ್ಯ ಹೇಳಿ ಕೂತುಬಿಟ್ಟ. ಚೇರ್ಮನ್ ನನ್ನ ಹೆಸರು ಕರೆದರು. ಅಲ್ಲಿಗೂ ತಂದಿಟ್ಟಿದ್ದ ತಟ್ಟಿಯ ಹಿಂದಿನಿಂದ ನನ್ನ ದನಿ ಹೊರಟಿತು. ಯಾರೋ ಹಿಂದಿನಿಂದ "ತಟ್ಟಿ ಮಾತಾಡಾಕತ್ತೈತಿ ನೋಡ್ರೋ!" ಎಂದ. ಹಾಲ್ ಗೊಳ್ಳೆಂದಿತು. "ಆರ್ಡರ್! ಆರ್ಡರ್!" ನನಗೆ ಎಲ್ಲಿಲ್ಲದ ರೋಷ ಬಂತು.

"ತಟ್ಟಿಯ ಹಿಂದಿರುವವಳಿಗೆ ಥೇಮ್ಸ್ ನದಿ ಎಲ್ಲಿ ಹುಟ್ಟುತ್ತದೆ ಎಂದು ಗೊತ್ತು, ಸ್ವಾಮಿ! ನಾಲ್ಕು ಮಂದಿಯ ಸಾರಿಗೆ ಬೇಳೆ ಎಷ್ಟು ಹಾಕಬೇಕು ಎಂದು ಗೊತ್ತಿಲ್ಲ. ಗಂಡನಿಗೆ ಉಣಬಡಿಸುವಾಗ ಮ್ಯಾಪ್ ಬಡಿಸುತ್ತಾಳೆಯೇ?"

ಚಪ್ಪಾಳೆ! ಅಯ್ಯೋ, ಆ ಚಪ್ಪಾಳೆ! ನನಗಾಗಿ ಅಷ್ಟು ಕೈಗಳು ಒಟ್ಟಿಗೆ ಬಡಿದದ್ದು ಅದೇ ಮೊದಲು. ಮೈಯಲ್ಲಿ ಎಂಥದೋ ಹರಿದಂತಾಯಿತು. ಎರಡನೆಯ ಪಾಯಿಂಟು, ಮೂರನೆಯದು, ಒಂದಕ್ಕಿಂತ ಒಂದು ಜೋರು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನಾನು ತಟ್ಟಿಯನ್ನು ದಾಟಿ ಮೇಜಿನ ಮುಂದೆ ನಿಂತಿದ್ದೆ. ಯಾವಾಗ ಬಂದೆನೋ, ದೇವರ ಮೇಲೆ ಆಣೆ, ನನಗೇ ಗೊತ್ತಿಲ್ಲ. ಕೊನೆಗೆ ಕೈಯೆತ್ತಿಸಿ ಎಣಿಸಿದರು. ನನ್ನ ಪಕ್ಷ ಗೆದ್ದಿತು. ಹೊರಗಿನವರು ಕೈ ಎತ್ತುವಂತಿರಲಿಲ್ಲ, ಆದರೂ ಎಲ್ಲರಿಗಿಂತ ಎತ್ತರಕ್ಕೆ ಹೋಗಿದ್ದ ಕೈ ತಾತನದು.

ಮನೆಗೆ ಬಂದು ಸ್ನಾನ ಮಾಡಿ ಹೊರಗೆ ಬರುವಷ್ಟರಲ್ಲಿ ತಾತ ನಡುಮನೆಯಲ್ಲಿ ನಿಂತಿದ್ದರು. ಕಣ್ಣು ತುಂಬಿತ್ತು.

"ಭಲೇ ಕೂಸೇ! ನಾ ಹೇಳಬೇಕಂತಿದ್ದಿದ್ದೆಲ್ಲಾ ನೀನೇ ಹೇಳಿಬಿಟ್ಟಿ. ಏ, ಆಕಿ ಟ್ರಂಕ್ ಕಟ್ಟಿಸು. ನಾಳೆ ಮುಂಜಾನೆ ಬಂಡಿ."

ಅಪ್ಪ ತಬ್ಬಿಬ್ಬಾದರು. ತಾತನನ್ನು ಅವರು ಅಣ್ಣ ಎಂದೇ ಕರೆಯುತ್ತಿದ್ದರು. "ಅಲ್ಲ ಅಣ್ಣಾ, ಅದು ಚೀಟಿ ಎತ್ತಿ ಮಾತಾಡೋದು. ಒಂದು ರೀತಿ ಆಟ..."

"ಆಟ? ಸಭಾದಾಗ ನಿಂತು ಆಡಿದ ಮಾತು ಆಟ ಹೆಂಗ ಆಗ್ತದೋ? ನೂರು ಮಂದಿ ಕೇಳ್ಯಾರ, ಕೈ ಎತ್ಯಾರ. ಸಭಾದಾಗ ಬೇಡ ಅಂದು, ರಜಾ ಮುಗದ ಮ್ಯಾಲೆ ಅಲ್ಲೇ ಹೋಗಿ ಕೂತ್ರ ಆಕಿ ಮಾತಿಗೆ ಏನು ಬೆಲಿ ಉಳೀತು? ನಾಳೆ ನನ್ನ ಕಟ್ಟಿ ಮುಂದ ಯಾರು ಬಂದು ಕೂಡ್ತಾರ?"

ಅವರ ಲೆಕ್ಕದಲ್ಲಿ ಅದು ಸರಿಯೇ. ತಾತನ ಕಟ್ಟೆಯ ಮೇಲೆ ಒಬ್ಬ ಒಂದು ಮಾತಾಡಿದರೆ ಅದಕ್ಕೆ ಕಾಗದವೂ ಬೇಕಿರಲಿಲ್ಲ, ಸಾಕ್ಷಿಯೂ ಬೇಕಿರಲಿಲ್ಲ. ಮನಸ್ಸಿನಲ್ಲಿ ಇಲ್ಲದ್ದನ್ನು ಸಭೆಯಲ್ಲಿ ನಿಂತು ಹೇಳಬಹುದು, ಅದನ್ನು ಮಾಸ್ತರರೇ ಹೇಳಿಕೊಡುತ್ತಾರೆ ಎಂದರೆ ಅವರು ನಂಬುವುದಾದರೂ ಹೇಗೆ?

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಬಂಡಿ ಹೊರಟಿತು. ಕೋಟೆ ಗುಡ್ಡ ಸಣ್ಣದಾಗುತ್ತ ಹೋದಂತೆ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಬಂಡಿ ಹೊಡೆಯುವವನು ಹಿಂದೆ ತಿರುಗಿ ನೋಡಿ, "ಗಂಡನ ಮನಿಗೇನ್ರಿ?" ಎಂದ. "ಅಲ್ಲಪಾ, ಅಜ್ಜಿ ಮನಿಗೆ" ಎಂದರು ತಾತ. "ಅಜ್ಜಿ ಮನಿಗೆ ಹೋಗಾಕ ಯಾರರ ಅಳ್ತಾರೇನ್ರಿ?" ತಾತನಿಗೂ ಏನೋ ಚುಚ್ಚಿರಬೇಕು, ದಾರಿಯುದ್ದಕ್ಕೂ ನನಗೆ ಬಾಳೆಹಣ್ಣು ಸುಲಿದು ಕೊಡುತ್ತಲೇ ಇದ್ದರು.

ಸಿರುಗುಪ್ಪಕ್ಕೆ ಒಂದೇ ದಿನದಲ್ಲಿ ಮುಟ್ಟಲಾಗುವುದಿಲ್ಲ. ಮಧ್ಯದಲ್ಲಿ ಕುರುಗೋಡಿನಲ್ಲಿ ತಾತನ ಅಕ್ಕನ ಮನೆ. ಅಲ್ಲಿ ಇಳಿಯುವುದು ವಾಡಿಕೆ. ನಾವೆಲ್ಲ ಅವರನ್ನು ಕುರುಗೋಡಜ್ಜಿ ಎನ್ನುತ್ತಿದ್ದೆವು. ಎಂಬತ್ತು ದಾಟಿದ ಜೀವ, ತಾತನನ್ನು ಇನ್ನೂ "ಲೇ ತಮ್ಮಾ" ಎಂದು ಕರೆಯುವವರು ಅವರೊಬ್ಬರೇ. ನನ್ನ ಊದಿದ ಮುಖವನ್ನು ಕೈಯಿಂದ ಸವರಿ, ಅಡುಗೆಮನೆಯಲ್ಲಿ ಕೂರಿಸಿಕೊಂಡು ಎಲ್ಲ ಕೇಳಿದರು.

"ನೀ ಹೇಳಿದ್ದು ನಿನಗ ಒಪ್ಪಿಗಿ ಅದ ಏನು?"

"ಇಲ್ಲ ಅಜ್ಜಿ."

"ಮತ್ತ್ಯಾಕ ಹೇಳಿದಿ?"

"ಚೀಟಿ ಹಂಗ ಬಂತು."

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಸಿಟ್ಟು ಬಂತು, ಮತ್ತೆ ಅಳುವೂ ಬಂತು.

ಮಧ್ಯಾಹ್ನ ಊಟವಾಯಿತು. ತಾತ ಆ ಊರಿಗೆ ಬಂದಾಗಲೆಲ್ಲ ಅಲ್ಲಿನ ಇಬ್ಬರು ವೃದ್ಧ ಆಚಾರ್ಯರು ಓಲೆಗರಿ ಕಟ್ಟು ಹಿಡಿದುಕೊಂಡು ಬರುತ್ತಿದ್ದರು. ಹೊರಗಿನ ಕಟ್ಟೆಯ ಮೇಲೆ ಪಾಠ. ನಾನು ಒಳಗೆ ಬಾಗಿಲಿಗೆ ಒರಗಿ ಕೂತಿದ್ದೆ, ಕಿವಿ ಇತ್ತು, ಮನಸ್ಸು ಬಳ್ಳಾರಿಯಲ್ಲಿತ್ತು. ಆಗ ತಾತನ ಕಂಠ ಗುಡುಗಿತು:

"ಜಗತ್ತು ಸುಳ್ಳು! ಹಗ್ಗದಾಗ ಹಾವು ಕಂಡಂಗ, ಕಾಣೋದೆಲ್ಲಾ ಸುಳ್ಳು! ಈ ಕಂಬ ಸುಳ್ಳು, ಈ ಕಟ್ಟಿ ಸುಳ್ಳು!"

ನಾನು ಬೆಚ್ಚಿದೆ. ನಮ್ಮ ವೈಷ್ಣವರ ಮತದಲ್ಲಿ ಜಗತ್ತು ಸತ್ಯ. ಅದನ್ನು ಸುಳ್ಳು ಎನ್ನುವವರ ಹೆಸರೆತ್ತಿದರೂ ತಾತ ಮುಖ ಕೆಂಪು ಮಾಡಿಕೊಳ್ಳುತ್ತಿದ್ದರು. ಅಂಥವರು ತೊಡೆ ತಟ್ಟಿಕೊಂಡು, ಒಂದರ ಮೇಲೊಂದು ಉದಾಹರಣೆ ಕೊಟ್ಟು, ಎದುರು ಪಕ್ಷದವರಿಗಿಂತ ಚೆನ್ನಾಗಿ ಅದನ್ನೇ ಹೇಳುತ್ತಿದ್ದಾರೆ! ಮರುಗಳಿಗೆ ನನಗೆ ಹೊಳೆಯಿತು. ಓ ಮೈ ಗಾಡ್! ಹೊಳೆದದ್ದೇ ತಡ, ಹಿರಿಯರು ಕೂತ ಜಾಗ ಎಂಬುದನ್ನೂ ಮರೆತು ಹೊರಗೆ ಓಡಿದೆ.

"ತಾತಾ! ಸಭಾದಾಗ ಆಡಿದ ಮಾತು! ಜಗತ್ತೇ ಸುಳ್ಳಾದ ಮ್ಯಾಲೆ ಸಿರುಗುಪ್ಪನೂ ಸುಳ್ಳು, ಬಂಡೀನೂ ಸುಳ್ಳು. ಇನ್ನ ಹೋಗೋದು ಎಲ್ಲಿಗೆ?"

ಆಚಾರ್ಯರು ಓಲೆಗರಿ ಹಿಡಿದಂತೆಯೇ ಕಲ್ಲಾದರು. ತಾತ ಗದರಿದರು: "ಏ ಹುಚ್ಚೀ! ಅದು ಪೂರ್ವಪಕ್ಷ! ಎದುರಿನವರ ಮಾತನ್ನ ಮೊದಲು ಪೂರ್ತಿ ಹೇಳಬೇಕು, ಆಮ್ಯಾಲೆ ಅದನ್ನ ಮುರೀಬೇಕು. ಅಷ್ಟೂ ಗೊತ್ತಿಲ್ಲೇನು?"

"ನಂದೂ ಅದೇ ತಾತ. ಶನಿವಾರ ಹೇಳಿದ್ದು ಪೂರ್ವಪಕ್ಷ."

ಒಳಗಿನಿಂದ ಕುರುಗೋಡಜ್ಜಿಯ ನಗೆ ಕೇಳಿಸಿತು. ತಾತ ಮಾತ್ರ ನಗಲಿಲ್ಲ. ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ಮೊಮ್ಮಗಳನ್ನು ನೋಡುವ ನೋಟವಲ್ಲ ಅದು.

"ಪೂರ್ವಪಕ್ಷ ಹೇಳಿ ಕೂತುಬಿಟ್ರ ಆತೇನು? ಅದನ್ನ ಮುರಿಯೋ ಸಿದ್ಧಾಂತ ಎಲ್ಲದ?"

"ನಮ್ಮಲ್ಲೆ ಅದನ್ನ ಬ್ಯಾರೆಯವರು ಹೇಳಬೇಕು. ಆ ಹುಡುಗ ಬರೀ ಕೆಮ್ಮಿದ."

"ಹಂಗಾರ ಈಗ ನೀನೇ ಹೇಳು. ನಾಲ್ಕು ಮಾತು ಹೇಳಿದ್ದಿ. ನಾಲ್ಕೂ ನನಗ ನೆನಪವ. ಮುರಿ. ಮುರಿದ್ರ ಬಳ್ಳಾರಿ, ಇಲ್ಲಂದ್ರ ಸಿರುಗುಪ್ಪ."

ನಾನೇ ತಿದ್ದಿ ತೀಡಿ ಕಟ್ಟಿದ ಪಾಯಿಂಟುಗಳು, ನಾನೇ ಕೆಡವಬೇಕು. ಅಜ್ಜಿ ಬಾಗಿಲಿಗೆ ಬಂದು ಕೂತರು.

"ಮಡಿ?" ಎಂದರು ತಾತ.

"ಡಿಬೇಟಿನ ತಯಾರಿಗೆ ಕಾಲೇಜಿಗೆ ಹೋಗಿಬಂದು, ಸ್ನಾನ ಮಾಡಿ ಮಡಿ ಉಟ್ಟು ನಾ ಮಾಡಿದ ಸಾರನ್ನ ಈ ವಾರ ಪೂರಾ ಉಂಡೀರಿ. ಗುರುವಾರ ಮೂರು ಸಲ ಹಾಕಿಸಿಕೊಂಡ್ರಿ."

ಒಬ್ಬ ಆಚಾರ್ಯರು ಕೆಮ್ಮಿ ನಗೆ ನುಂಗಿಕೊಂಡರು. "ಹೂಂ. ಕಣ್ಣು?"

"ಈ ಅಜ್ಜಿ ಒಂದಕ್ಷರ ಓದಿಲ್ಲ, ಸೂಜಿಗೆ ದಾರ ಪೋಣಿಸಾಕ ಬರಂಗಿಲ್ಲ. ನೀವು ಅರವತ್ತು ವರ್ಷ ಓಲೆಗರಿ ಓದೀರಿ, ಕನ್ನಡಕ ಇಲ್ಲ."

"ಎದುರು ಮಾತು?" ಎಂದು ಕೇಳುವಾಗ ತಾತ ಆಗಲೇ ಗೆದ್ದವರಂತಿದ್ದರು. ನಾನು ಎದುರು ನಿಂತು ಅದನ್ನೇ ಮಾಡುತ್ತಿದ್ದೆನಲ್ಲ! ಆಗ ಕುರುಗೋಡಜ್ಜಿ ಬಾಗಿಲಿನಿಂದ, "ಲೇ ತಮ್ಮಾ, ಎಪ್ಪತ್ತು ವರ್ಷದಿಂದ ನಿನ್ನ ಜೋಡಿ ಎದುರು ಮಾತಾಡೇ ಬದುಕೀನಿ. ನಾ ಯಾವ ಕಾಲೇಜಿಗೆ ಹೋಗಿದ್ದೆನೋ?" ಎಂದರು. ಇಬ್ಬರು ಆಚಾರ್ಯರೂ ಶಲ್ಯ ಬಾಯಿಗೆ ಒತ್ತಿಕೊಂಡರು. ತಾತನಿಗೂ ನಗು ತಡೆಯಲಾಗಲಿಲ್ಲ.

"ಆತು, ಮೂರು ಮುರಿದಿ. ನಾಲ್ಕನೇದು. ಓದಿ ಏನು ಮಾಡ್ತಿ?"

ನಾನು ಬಾಯಿ ತೆರೆದೆ. ಡಾಕ್ಟರ್ ಹೆಂಡತಿಯಾಗಿ ಉಪಯೋಗ ಎನ್ನಲೇ? ಮಕ್ಕಳಿಗೆ ಪಾಠ ಹೇಳಲು ಎನ್ನಲೇ? ಯಾವುದೂ ನಿಜವೆನಿಸಲಿಲ್ಲ. ಅದಕ್ಕಲ್ಲ ನಾನು ಹೋಗುತ್ತಿದ್ದದ್ದು.

"ಗೊತ್ತಿಲ್ಲ ತಾತ," ಎಂದೆ. "ಬೆಂಚಿನ ಮ್ಯಾಲೆ ಕೂತಾಗ ನನ್ನ ತಲಿಯೊಳಗ ಇಲ್ಲದ ಒಂದು ಬಾಗಿಲು ತಗದಂಗ ಆಗ್ತದ. ನಂದಲ್ಲದ ಮಾತನ್ನ ನಿನ್ನೆ ನಾನೇ ಕಟ್ಟಿದೆ, ಇವತ್ತು ನಾನೇ ಮುರದೆ. ಇನ್ನೂ ಏನೇನು ಬರ್ತದ ನೋಡಬೇಕು ಅನಿಸ್ತದ. ಅದರಿಂದ ಏನು ಮಾಡ್ತೀನಿ ಅಂದ್ರ... ಗೊತ್ತಿಲ್ಲ. ಸೋತೆ."

ತಾತ ಓಲೆಗರಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ಆಮೇಲೆ ನನ್ನನ್ನಲ್ಲ, ಆಚಾರ್ಯರನ್ನು ನೋಡಿ ಕೇಳಿದರು: "ಒಂದು ಪೂರ್ವಪಕ್ಷ ಮುರೀದೆ ನಿಂತುಬಿಟ್ರ ನಾವು ಏನು ಮಾಡ್ತೀವಿ?"

"ಪಾಠ ಮುಗಸಂಗಿಲ್ಲ," ಎಂದರು ಹಿರಿಯ ಆಚಾರ್ಯರು. "ಮುರಿಯೋ ಮಟ ಓದತೀವಿ."

"ಹಂಗಾರ ಅರ್ಧಕ್ಕ ಬಿಡಿಸಿ ಕರಕೊಂಡು ಹೋದ್ರ ಪಾಪ ನನಗ ಬರ್ತದ," ಎಂದರು ತಾತ. "ನಾಳೆ ಬಂಡಿ ತಿರುಗಲಿ. ರಜಾಕ್ಕ ಬಂದಾಗ ನಾಲ್ಕನೇದಕ್ಕ ಉತ್ತರ ತರಬೇಕು, ಕೇಳಿದೇನು?"

ಪ್ರತಿ ರಜೆಗೂ ಒಂದೊಂದು ಉತ್ತರ ಒಯ್ದೆ. ಎಫ್.ಎ. ಪಾಸಾದ ಮೇಲೂ ಒಯ್ದೆ. ಒಂದನ್ನೂ ಅವರು ನಿಲ್ಲಗೊಡಲಿಲ್ಲ. ಒಂದೊಂದನ್ನು ಮುರಿದಾಗಲೂ ಅವರ ಮುಖ ಹಬ್ಬದಂತಿರುತ್ತಿತ್ತು, ನನ್ನದೂ. ಇನ್ನೊಬ್ಬರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಲು ಕಲಿಯುವುದು, ಆಮೇಲೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು: ನನಗೆ ಕಾಲೇಜು ಕೊಟ್ಟದ್ದು ಇದು. ತಾತ ಈಗ ಇಲ್ಲ, ಮುರಿಯುವವರಿಲ್ಲದೆ ನನ್ನ ಉತ್ತರಗಳೆಲ್ಲ ಸಪ್ಪೆಯಾಗಿವೆ.

ಆದರೆ ಆ ಮುಂಜಾನೆಯ ಖುಷಿ! ಕುರುಗೋಡಿನ ಬಂಡೆಗುಡ್ಡಗಳ ಮೇಲೆ ಬಿಸಿಲು ಏರುತ್ತಿತ್ತು, ಎತ್ತುಗಳ ಮುಖ ಬಳ್ಳಾರಿಯ ಕಡೆಗಿತ್ತು, ತಾತ ನನ್ನ ಪಕ್ಕದಲ್ಲಿ ತೂಕಡಿಸುತ್ತಿದ್ದರು. ಬಂಡಿಯವನಿಗೆ ತಡೆಯಲಾಗಲಿಲ್ಲ.

"ನಿನ್ನೆ ಅಳಕೋತ ಬಂದ್ರಿ, ಇವತ್ತು ನಕ್ಕೋತ ಹೊಂಟೀರಿ. ಗೆದ್ರೇನವ್ವಾ?"

"ಇಲ್ಲಪಾ, ಒಂದರಾಗ ಸೋತೆ. ಅದಕ್ಕ."

ಅವನು ನನ್ನನ್ನೊಮ್ಮೆ, ತಾತನನ್ನೊಮ್ಮೆ ನೋಡಿದ. "ನಿಮ್ಮ ಮನಿ ಮಾತು ನಮಗ ತಿಳಿಯಂಗಿಲ್ಲ ಬಿಡ್ರಿ" ಎಂದ.

"ಜಲ್ದಿ ಹೊಡಿಯಪ್ಪಾ," ಎಂದೆ ನಾನು. "ಕ್ಲಾಸು ಶುರು ಆಗ್ತದ."

ಕ್ಲಾಸಿಗೆ ಇನ್ನೂ ಒಂದು ವಾರವಿತ್ತು.